ಕಡಲ ನೀರಿನಲ್ಲಿ ಕರಗಿದ ಅನಿಲಗಳನ್ನು ಅಳೆಯುವುದು ಹೇಗೆ?

ದುಬಾರಿ ಉಪಕರಣವನ್ನು ಕಡಲಿಗೆ ಇಳಿಸಿ, ಬೇಕಾದ ಆಳದ ನೀರನ್ನೇ ಹಿಡಿದು ತಂದವರು, ಅದನ್ನು ಗಾಜಿನ ಸೀಸೆಗೆ ತುಂಬಿಸುವ ಒಂದೆರಡು ನಿಮಿಷಗಳಲ್ಲಿ ಇಡೀ ದಿನದ ದುಡಿಮೆಯನ್ನು ಹಾಳು ಮಾಡಿಕೊಳ್ಳುವುದನ್ನು ನಾನು ಹಲವು ಸಲ ನೋಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಸೀಸೆ ತುಂಬಿಸುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಏನನ್ನು ಅಳೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ. ಕಡಲಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ. ಅಲ್ಲಿನ ಎಲ್ಲ ಜೀವಿಗಳೂ ಸೇರಿ ಉಸಿರಾಟದಲ್ಲಿ ಅದನ್ನು ಬಳಸುತ್ತವೆ. ಬಳಸಿ ಉಳಿದ ಆಮ್ಲಜನಕವೇ ನಿವ್ವಳ ಉತ್ಪಾದನೆಯ ಗುರುತು. ಆದರೆ ನೀರು ಬಿಸಿಯಾದಾಗ ಅದು ಹಿಡಿದಿಟ್ಟುಕೊಳ್ಳಬಲ್ಲ ಅನಿಲದ ಪ್ರಮಾಣ ಇಳಿಯುತ್ತದೆ, ಅಲೆ ಒಡೆದಾಗ ಗುಳ್ಳೆಗಳು ನೀರಿನೊಳಕ್ಕೆ ತಳ್ಳಲ್ಪಡುತ್ತವೆ. ಇವೆರಡರಿಂದಲೂ ಜೀವಿಗಳ ಪಾತ್ರವೇ ಇಲ್ಲದೆ ನೀರು ಅತಿಪರ್ಯಾಪ್ತವಾಗಬಹುದು, ಅಂದರೆ ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಅನಿಲ ಅದರಲ್ಲಿರಬಹುದು. ಗಾಳಿಯಲ್ಲಿರುವ ಜಡ ಅನಿಲವಾದ ಆರ್ಗಾನ್ ಕರಗುವ ರೀತಿ ಆಮ್ಲಜನಕದ್ದನ್ನು ಬಹುಮಟ್ಟಿಗೆ ಹೋಲುತ್ತದೆ, ಆದರೆ ಯಾವ ಜೀವಿಯೂ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಎರಡರ ಅನುಪಾತವನ್ನು ತೆಗೆದುಕೊಂಡರೆ ಬಿಸಿಲು ಮತ್ತು ಅಲೆಗಳ ಪ್ರಭಾವ ಬಹುಪಾಲು ಕಳೆದುಹೋಗಿ ಜೀವಿಗಳ ಕೆಲಸ ಮಾತ್ರ ಉಳಿಯುತ್ತದೆ.

ಸಿದ್ಧತೆ

ಗಾಜಿನ ಮುಚ್ಚಳವಿರುವ ಸುಮಾರು 125 ಮಿಲಿಲೀಟರಿನ ಸೀಸೆಗಳು ಬೇಕು. ಪ್ರತಿಯೊಂದನ್ನೂ ಅದರದೇ ಮುಚ್ಚಳದೊಂದಿಗೆ ನೀರು ತುಂಬಿ ತೂಗಿ, ನಿಖರ ಗಾತ್ರವನ್ನು ಬರೆದಿಡಬೇಕು; ಮುಚ್ಚಳಗಳು ಅದಲುಬದಲಾದರೆ ಆ ಲೆಕ್ಕ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಸೀಸೆಗಳನ್ನು ಬಳಸಲೇಬೇಡಿ, ಅವುಗಳ ಗೋಡೆಯ ಮೂಲಕವೇ ಅನಿಲ ಒಳಹೊರಗೆ ಓಡಾಡುತ್ತದೆ. ನಳಿಕೆ ಮೆತ್ತಗೆ, ಪಾರದರ್ಶಕವಾಗಿರಲಿ. ಹಳದಿಗಟ್ಟಿದ ಹಳೆಯ ನಳಿಕೆಯನ್ನು ‘ಇನ್ನೊಂದು ಯಾನಕ್ಕೆ ಆದೀತು’ ಎಂದು ಉಳಿಸಿಕೊಳ್ಳುವವರಿದ್ದಾರೆ. ಒಳಗಿನ ಗುಳ್ಳೆ ಕಾಣದ ನಳಿಕೆ ಇದ್ದೂ ಇಲ್ಲದಂತೆಯೇ.

ಸೀಸೆ ತುಂಬಿಸುವುದು

ಆಳದ ನೀರನ್ನು ಹಿಡಿದು ತರುವ ಮಾದರಿ ಸಂಗ್ರಾಹಕ ಮೇಲೆ ಬಂದ ಕೂಡಲೇ ಅನಿಲದ ಮಾದರಿಗಳನ್ನು ತೆಗೆಯಬೇಕು. ಲವಣಾಂಶ, ಪೋಷಕಾಂಶಗಳಿಗೆ ನೀರು ಹಿಡಿಯುವವರು ಕಾಯಲಿ. ಸಂಗ್ರಾಹಕದಲ್ಲಿ ನೀರಿನ ಮಟ್ಟ ಇಳಿದಂತೆ ಮೇಲೆ ಗಾಳಿ ತುಂಬುತ್ತದೆ, ಆ ಗಾಳಿ ನೀರಿನೊಂದಿಗೆ ಅನಿಲ ವಿನಿಮಯವನ್ನು ಆರಂಭಿಸಿಬಿಡುತ್ತದೆ.

ನಳಿಕೆಯನ್ನು ನಲ್ಲಿಗೆ ಸಿಕ್ಕಿಸಿ, ಅದರ ತುದಿಯನ್ನು ಮೇಲಕ್ಕೆತ್ತಿ ಹಿಡಿದು ನೀರು ಬಿಡಿ. ನೀರು ಹರಿಯುತ್ತಿರುವಾಗಲೇ ನಳಿಕೆಯನ್ನು ಬೆರಳುಗಳಿಂದ ಹಿಸುಕುತ್ತ, ಗೋಡೆಗೆ ಅಂಟಿಕೊಂಡ ಗುಳ್ಳೆಗಳೆಲ್ಲ ಕಿತ್ತು ಹೊರಬರುವವರೆಗೂ ತಟ್ಟಿ. ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದ ಮೇಲೆ ಹರಿವನ್ನು ತಗ್ಗಿಸಿ, ನಳಿಕೆಯ ತುದಿಯನ್ನು ತಳಕ್ಕೆ ತಾಗಿಸಿ, ನೀರು ಸುಳಿ ಏಳದಂತೆ ಕೆಳಗಿನಿಂದ ಮೇಲಕ್ಕೆ ಏರಲು ಬಿಡಿ. ಬಾಯಿ ತುಂಬಿದಾಗ ನಿಲ್ಲಿಸಬಾರದು. ಸೀಸೆಯ ಗಾತ್ರದ ಕನಿಷ್ಠ ಎರಡು ಮೂರು ಪಟ್ಟು ನೀರು ಉಕ್ಕಿ ಹರಿದುಹೋಗಬೇಕು. ಕಣ್ಣಳತೆಯನ್ನು ನಂಬದೆ, ಸೀಸೆ ಒಮ್ಮೆ ತುಂಬಲು ಎಷ್ಟು ಎಣಿಕೆ ಹಿಡಿಯಿತೋ ಅಷ್ಟನ್ನೇ ಮತ್ತೆ ಮೂರು ಸಲ ಮನಸ್ಸಿನಲ್ಲಿ ಎಣಿಸಿ. ಆ ಸಮಯದಲ್ಲಿ ನೀರಿನ ಉಷ್ಣತೆಯನ್ನು ದಾಖಲಿಸಿ, ನಂತರ ನಳಿಕೆಯನ್ನು ಹರಿವು ನಿಲ್ಲಿಸದೆಯೇ ನಿಧಾನವಾಗಿ ಹೊರತೆಗೆಯಿರಿ.

ಒಂದು ಗುಳ್ಳೆಯಿಂದ ಏನಾದೀತು ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. ಸುಮಾರು ಆರು ಮಿಲಿಮೀಟರ್ ಅಗಲದ ಗುಳ್ಳೆಯಲ್ಲಿ 0.1 ಮಿಲಿಲೀಟರ್ ಗಾಳಿ, ಅದರಲ್ಲಿ ಶೇ 21ರಷ್ಟು ಆಮ್ಲಜನಕ ಇರುತ್ತದೆ. 125 ಮಿಲಿಲೀಟರಿನ ಸೀಸೆಗೆ ಅದು ಸೇರಿದರೆ, 25 ಡಿಗ್ರಿ ಸೆಲ್ಸಿಯಸ್‌ನ ಕಡಲ ನೀರಿನಲ್ಲಿ ಅಳತೆ ಸುಮಾರು ಶೇ 3ರಷ್ಟು ಏರುತ್ತದೆ. ನಾವು ಹುಡುಕುತ್ತಿರುವ ಜೈವಿಕ ಹೆಚ್ಚಳವೇ ಎಷ್ಟೋ ಕಡೆ ಅದಕ್ಕಿಂತ ಕಡಿಮೆ.

ಬಂಧಿಸುವುದು ಮತ್ತು ಅಳೆಯುವುದು

ಒಟ್ಟು ಆಮ್ಲಜನಕವನ್ನು ಅಳೆಯಲು 1888ರಲ್ಲಿ ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಷ್ ವಿಂಕ್ಲರ್ ಪ್ರಕಟಿಸಿದ ವಿಧಾನವನ್ನೇ ನಾನು ಇಂದಿಗೂ ನೆಚ್ಚಿಕೊಂಡಿದ್ದೇನೆ. ಮ್ಯಾಂಗನೀಸ್ ಲವಣದ ದ್ರಾವಣವನ್ನೂ, ಅದರ ಬೆನ್ನಿಗೇ ಕ್ಷಾರೀಯ ಅಯೋಡೈಡ್ ದ್ರಾವಣವನ್ನೂ ತಲಾ 1 ಮಿಲಿಲೀಟರ್ ಸೇರಿಸಿ; ಪಿಪೆಟ್ಟಿನ ತುದಿ ನೀರಿನೊಳಗೆ ಮುಳುಗಿರಲಿ. ಮುಚ್ಚಳವನ್ನು ಓರೆಯಾಗಿ ಜಾರಿಸಿ ಮುಚ್ಚಿ, ಸೀಸೆಯನ್ನು ತಲೆಕೆಳಗು ಮಾಡಿ ಗುಳ್ಳೆ ಇದೆಯೇ ನೋಡಿ. ಇದ್ದರೆ ಆ ಮಾದರಿಯನ್ನು ಚೆಲ್ಲಿ ಹೊಸದು ತೆಗೆಯಿರಿ, ಬೇರೆ ದಾರಿಯಿಲ್ಲ. ಚೆನ್ನಾಗಿ ಕುಲುಕಿದಾಗ ಕರಗಿದ ಆಮ್ಲಜನಕವನ್ನು ಬಂಧಿಸಿಕೊಂಡ ಕಂದು ಬಣ್ಣದ ಪ್ರಕ್ಷೇಪ (ಗಸಿ) ಹಬ್ಬುತ್ತದೆ. ಸುಮಾರು ಇಪ್ಪತ್ತು ನಿಮಿಷದ ನಂತರ, ಪ್ರಕ್ಷೇಪ ಅರ್ಧಕ್ಕೆ ಇಳಿದಿರುವಾಗ ಇನ್ನೊಮ್ಮೆ ಕುಲುಕಿ. ಈ ಎರಡನೆಯ ಕುಲುಕನ್ನು ಬಿಟ್ಟುಬಿಡುವುದೇ ಹಡಗುಗಳಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ. ಸೀಸೆಯ ಕತ್ತಿನ ಸುತ್ತ ನೀರು ನಿಲ್ಲಿಸಿ ಕತ್ತಲಲ್ಲಿಡಿ.

ಮುಂದಿನದು ಸುಲಭ: ಸಲ್ಫ್ಯೂರಿಕ್ ಆಮ್ಲ ಹಾಕಿ ಪ್ರಕ್ಷೇಪವನ್ನು ಕರಗಿಸಿ, ಬಿಡುಗಡೆಯಾದ ಅಯೋಡಿನ್ ಅನ್ನು ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ, ಅಂದರೆ ಅಯೋಡಿನ್ ಮುಗಿಯುವವರೆಗೆ ಅದನ್ನು ಅಳೆದು ಹನಿಹನಿಯಾಗಿ ಸೇರಿಸಿ. ಒಂದು ಮೋಲ್ (ಅಣುಗಳನ್ನು ಎಣಿಸುವ ಮಾನ) ಆಮ್ಲಜನಕಕ್ಕೆ ನಾಲ್ಕು ಮೋಲ್ ಥಯೋಸಲ್ಫೇಟ್ ಖರ್ಚಾಗುತ್ತದೆ. ದ್ರಾವಣ ತಿಳಿಹಳದಿಗೆ ತಿರುಗಿದ ಮೇಲಷ್ಟೇ ಪಿಷ್ಟವನ್ನು ಹಾಕಿ, ಅದೂ ಹೊಸದಾಗಿ ಮಾಡಿದ್ದನ್ನು. ಹಳಸಿದ ಪಿಷ್ಟ ಶುದ್ಧ ನೀಲಿಯ ಬದಲು ಕೆನ್ನೇರಳೆ ತೋರಿಸಿ ಅಂತ್ಯಬಿಂದುವನ್ನು ಮಸುಕಾಗಿಸುತ್ತದೆ. ಬೆಳಕಿನಿಂದ ಅಳೆಯುವ ಸಂವೇದಕಗಳು ಅನುಕೂಲಕರವೇನೋ ನಿಜ, ಆದರೆ ಅವು ಕಾಲಕ್ರಮೇಣ ದಾರಿ ತಪ್ಪುತ್ತವೆ. ವಿಂಕ್ಲರ್ ಅಳತೆಗೆ ತಾಳೆ ಹಾಕದೆ ಅವುಗಳ ಅಂಕಿಯನ್ನು ಒಪ್ಪಬೇಡಿ.

ಆರ್ಗಾನ್ ರಾಸಾಯನಿಕ ಕ್ರಿಯೆಗೆ ಸಿಗುವುದಿಲ್ಲ. ಅನುಪಾತವನ್ನು ಅಳೆಯಲು ಪೊರೆಯ ಮೂಲಕ ಅನಿಲವನ್ನು ಒಳಗೆಳೆದುಕೊಳ್ಳುವ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ರಾಶಿಯ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರ) ಬೇಕು. ಅದರಲ್ಲಿ ಆಮ್ಲಜನಕ ರಾಶಿಸಂಖ್ಯೆ 32ರಲ್ಲೂ ಆರ್ಗಾನ್ 40ರಲ್ಲೂ ಕಾಣುತ್ತದೆ. ಗಾಳಿಯೊಂದಿಗೆ ಸಮತೋಲನಕ್ಕೆ ತಂದ ಕಡಲ ನೀರನ್ನು ಆಗಾಗ ಹರಿಸಿ ಯಂತ್ರವನ್ನು ಸರಿಹೊಂದಿಸಿ. ಮಾದರಿಗಳನ್ನು ದಡಕ್ಕೆ ಒಯ್ಯುವುದಾದರೆ ಸೂಕ್ಷ್ಮಜೀವಿಗಳನ್ನು ತಡೆಯಲು ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಅದು ಘೋರ ವಿಷ, ಕೈಗವಸಿಲ್ಲದೆ ಮುಟ್ಟಬೇಡಿ, ಕಡಲಿಗೆ ಚೆಲ್ಲಬೇಡಿ.

ಲೆಕ್ಕ

ಮಾದರಿಯ ಆಮ್ಲಜನಕ-ಆರ್ಗಾನ್ ಅನುಪಾತ, ಗಾಳಿಯೊಂದಿಗೆ ಸಮತೋಲನದಲ್ಲಿರುವ ನೀರಿನ ಅನುಪಾತಕ್ಕಿಂತ ಶೇ 2ರಷ್ಟು ಹೆಚ್ಚಿದೆ ಎನ್ನಿ. 25 ಡಿಗ್ರಿಯಲ್ಲಿ, 35ರ ಲವಣಾಂಶದಲ್ಲಿ, ಪರ್ಯಾಪ್ತ ಆಮ್ಲಜನಕ ಘನ ಮೀಟರಿಗೆ ಸುಮಾರು 211 ಮಿಲಿಮೋಲ್. ಅನಿಲ ವಿನಿಮಯದ ವೇಗ ದಿನಕ್ಕೆ 3 ಮೀಟರ್ ಆದರೆ, ಮೂರನ್ನೂ ಗುಣಿಸಿದಾಗ ಚದರ ಮೀಟರಿಗೆ ದಿನಕ್ಕೆ ಸುಮಾರು 12.7 ಮಿಲಿಮೋಲ್ ಆಮ್ಲಜನಕ ಕಡಲಿನಿಂದ ಗಾಳಿಗೆ ಹೋಗುತ್ತಿದೆ ಎಂದಾಯಿತು. ನೈಟ್ರೇಟ್ ಬಳಸಿ ಬೆಳೆಯುವ ಪ್ಲವಕಗಳು ಪ್ರತಿ ಮೋಲ್ ಇಂಗಾಲಕ್ಕೆ ಸುಮಾರು 1.4 ಮೋಲ್ ಆಮ್ಲಜನಕ ಬಿಡುತ್ತವೆ, ಆದ್ದರಿಂದ 1.4ರಿಂದ ಭಾಗಿಸಿದರೆ ಸುಮಾರು 9 ಮಿಲಿಮೋಲ್ ಇಂಗಾಲ ಸಿಗುತ್ತದೆ.

ವಿನಿಮಯದ ವೇಗವನ್ನು ಗಾಳಿಯ ವೇಗದಿಂದ ಅಂದಾಜಿಸಬೇಕು. ಗಾಳಿ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಸೂತ್ರ. ಮಾದರಿ ತೆಗೆದ ದಿನದ ಗಾಳಿಯನ್ನಷ್ಟೇ ಹಾಕುವುದು ದೊಡ್ಡ ತಪ್ಪು: ಮಿಶ್ರಪದರ (ಗಾಳಿ, ಅಲೆಗಳಿಂದ ಕಲಕಿ ಒಂದಾಗಿರುವ ಮೇಲಿನ ನೀರು) 50 ಮೀಟರ್ ಆಳವಿದ್ದರೆ ಈ ವೇಗದಲ್ಲಿ ಅದರ ಅನಿಲ ಬದಲಾಗಲು ಸುಮಾರು 17 ದಿನ ಬೇಕು, ಆದ್ದರಿಂದ ಹಿಂದಿನ ಕೆಲವು ವಾರಗಳ ಗಾಳಿಯ ದಾಖಲೆ ಕೈಯಲ್ಲಿರಬೇಕು.

ಉತ್ತರ ಋಣಾತ್ಮಕವಾಗಿ ಬಂದರೆ ಉತ್ಪಾದನೆಗಿಂತ ಉಸಿರಾಟವೇ ಹೆಚ್ಚು ಎಂದು ತಕ್ಷಣ ಬರೆಯಬೇಡಿ. ಆಮ್ಲಜನಕ ಕಡಿಮೆ ಇರುವ ಆಳದ ನೀರು ಮೇಲುಕ್ಕಿ ಬಂದಿದ್ದರೂ ಹೀಗೇ ಆಗುತ್ತದೆ. ಅದೇ ಜಾಗದ ಉಷ್ಣತೆ, ಲವಣಾಂಶಗಳ ಆಳವಾರು ದಾಖಲೆಯನ್ನು ತೆಗೆದು ನೋಡಿ; ಮೇಲುಕ್ಕಿದ ನೀರು ಎಂದು ಕಂಡರೆ ಆ ಮಾದರಿಯನ್ನು ಲೆಕ್ಕದಿಂದ ಹೊರಗಿಡಿ.