ಹುಳಿ, ಸೋಡಾ, ಅಂಟುವಾಳ: ಯಾವ ಕಲೆಗೆ ಯಾವುದು

ನಮ್ಮ ಮನೆ ಇರುವುದು ಬೆಂಗಳೂರಿನ ವರ್ತೂರು ಕೆರೆಯ ಹತ್ತಿರ. ಬೆಳ್ಳಂದೂರು ಕೆರೆಯ ನೀರು ಹರಿದು ಬರುವುದು ಇಲ್ಲಿಗೇ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡದ್ದು ನೆನಪಿದೆ ಅಲ್ವಾ? ಆ ನೊರೆಯಲ್ಲಿ ಕಾರ್ಖಾನೆಯ ಕೊಳೆಯೂ ಇತ್ತು, ನಮ್ಮಂಥವರ ಸಿಂಕು, ಬಚ್ಚಲಿನಿಂದ ಹೋದ ಡಿಟರ್ಜೆಂಟೂ ಇತ್ತು. ಅದಕ್ಕೇ ನಾನು ಮನೆ ತೊಳೆಯಲು ಬಣ್ಣಬಣ್ಣದ ಬಾಟಲಿ ತರುವುದು ಬಿಟ್ಟೆ. ಬಿಟ್ಟರೆ ಏನೂ ಕಷ್ಟವಿಲ್ಲ. ಯಾವ ಕಲೆಗೆ ಏನು ಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಒಂದು ಮಾತು. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಅಂತ ತುಂಬ ಜನ ಹೇಳುತ್ತಾರೆ. ಬೆರೆಸಬೇಡಿ. ಬುಸ್ ಅಂತ ಉಕ್ಕುವುದು ನೋಡಲು ಚೆಂದ. ಆದರೆ ಹುಳಿಯ ಗುಣವನ್ನು ಸೋಡಾ ತೆಗೆಯುತ್ತದೆ, ಸೋಡಾದ ಗುಣವನ್ನು ಹುಳಿ ತೆಗೆಯುತ್ತದೆ. ಎರಡರ ಕೆಲಸವೂ ಬೇರೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ, ಶವರ್, ಬಕೆಟ್ ಮೇಲೆ ಬಿಳಿ ಕಲೆ ಕೂರುತ್ತದಲ್ಲ, ಅದು ಸುಣ್ಣದ ಜಾತಿ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದಕ್ಕೆ ಹುಳಿಯೇ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಹಾಕಿ ಕರಗಿಸಿ. ಹಳೇ ಬನಿಯನ್ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಟಾಯ್ಲೆಟ್ ಒಳಗಿನ ಹಳದಿ ಗೆರೆಗೂ ಇದೇ. ರಾತ್ರಿ ಹಾಕಿ ಬಿಟ್ಟು ಬೆಳಗ್ಗೆ ತಿಕ್ಕಿ.

ಹಿತ್ತಾಳೆ, ತಾಮ್ರಕ್ಕೆ ನಿಂಬೆ ಉಪ್ಪೂ ಬೇಡ. ಸಾರಿಗೆ ರಸ ಹಿಂಡಿದ ಮೇಲೆ ಹುಣಸೆಹಣ್ಣಿನ ನಾರು ಉಳಿಯುತ್ತದೆ. ಅದಕ್ಕೆ ಚಿಟಿಕೆ ಕಲ್ಲುಪ್ಪು ಸೇರಿಸಿ ಉಜ್ಜಿ. ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಬೇಕು. ಇಲ್ಲದಿದ್ದರೆ ದೀಪದ ಕಂಬ ಸಂಜೆಗೇ ಕಪ್ಪಾಗುತ್ತದೆ.

ಆದರೆ ಹುಳಿಯನ್ನು ನೆಲಕ್ಕೆ ಹಾಕುವ ಮುಂಚೆ ಯೋಚಿಸಿ. ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಎಲ್ಲವೂ ಸುಣ್ಣದ ಅಂಶದ ಕಲ್ಲುಗಳು. ನಲ್ಲಿಯ ಕಲೆಯನ್ನು ಕರಗಿಸಿದ ಹುಳಿ ಈ ಕಲ್ಲನ್ನೂ ತಿನ್ನುತ್ತದೆ. ಹೊಳಪು ಹೋದರೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವೂ ಸಿಮೆಂಟಿನದು, ಅದಕ್ಕೂ ಬೇಡ. ಗ್ರಾನೈಟ್, ಟೈಲ್ಸ್ ತಡೆದುಕೊಳ್ಳುತ್ತವೆ. ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ ಮಂಚದ ಕೆಳಗೆ ಒಂದು ಹನಿ ನಿಂಬೆರಸ ಹಾಕಿ ನೋಡಿ. ಸಣ್ಣ ಗುಳ್ಳೆ ಎದ್ದರೆ, ಇಲ್ಲವೇ ಒರೆಸಿದಾಗ ಮಂಕು ಕಂಡರೆ ಆ ನೆಲಕ್ಕೆ ಹುಳಿ ತಾಗಿಸಬೇಡಿ.

ಹಾಗಾದರೆ ಎಲ್ಲ ನೆಲಕ್ಕೂ ಒಗ್ಗುವುದು ಯಾವುದು? ಅಂಟುವಾಳ. ನನಗೆ ತುಂಬ ಪ್ರೀತಿಯ ಕಾಯಿ ಇದು. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ, ಸಿಗುತ್ತದೆ. ನೊರೆ ಬರುವುದು ಸಿಪ್ಪೆಯಲ್ಲಿರುವ ಸಪೋನಿನ್‌ನಿಂದ, ಹಾಗಾಗಿ ಒಳಗಿನ ಕಪ್ಪು ಬೀಜ ತೆಗೆದುಬಿಡಿ. ಒಂದು ಲೀಟರ್ ನೀರಿಗೆ 15-20 ಕಾಯಿಯ ಸಿಪ್ಪೆ ಹಾಕಿ ರಾತ್ರಿ ನೆನೆಸಿ. ಬೆಳಗ್ಗೆ ಕಾಲು ಗಂಟೆ ಕುದಿಸಿ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ಹಾಕಿ ನೆಲ ಒರೆಸಬಹುದು. ಪಾತ್ರೆಗೆ ಹಾಗೇ ಬಳಸಿ, ಉಜ್ಜಲು ಒಣಗಿಸಿದ ತುಪ್ಪದ ಹೀರೇಕಾಯಿಯ ನಾರು ಇಟ್ಟುಕೊಳ್ಳಿ. ಅಂಗಡಿಯ ಲಿಕ್ವಿಡ್‌ನಷ್ಟು ನೊರೆ ಬರುವುದಿಲ್ಲ, ಆದರೂ ಜಿಡ್ಡು ಹೋಗುತ್ತದೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮೀನಿಗಂತೂ ಇದು ವಿಷ. ಕೆಲವು ಕಡೆ ಮೀನು ಹಿಡಿಯಲಿಕ್ಕೇ ಬಳಸುತ್ತಿದ್ದರು. ಗಿಡದ ಕಾಯಿ ಅಂದ ಮಾತ್ರಕ್ಕೆ ಕೆರೆಗೆ, ಬಾವಿಗೆ ನೇರವಾಗಿ ಸುರಿಯಬೇಡಿ.

ಜಿಡ್ಡು ಹಳೇದಾಗಿ ಅಂಟಂಟಾದರೆ, ಸ್ಟೌ ಹಿಂದಿನ ಗೋಡೆ, ಎಕ್ಸಾಸ್ಟ್ ಫ್ಯಾನ್ ರೆಕ್ಕೆ ಇಂಥಲ್ಲಿ, ಅಂಟುವಾಳಕ್ಕೆ ಬಗ್ಗುವುದಿಲ್ಲ. ಅಲ್ಲಿಗೆ ವಾಷಿಂಗ್ ಸೋಡಾ, ಅಂದರೆ ಬಟ್ಟೆ ಒಗೆಯುವ ಸೋಡಾ. ಅಡುಗೆ ಸೋಡಾ ಅಲ್ಲ. ಬಿಸಿನೀರಿನಲ್ಲಿ ಕರಗಿಸಿ, ಗ್ಲೌಸ್ ಹಾಕಿಕೊಂಡು ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ಹಳ್ಳಿಯಲ್ಲಿ ಒಲೆ ಬೂದಿ ಮಾಡುತ್ತಿದ್ದುದೂ ಇದೇ ಕೆಲಸ. ಅಲ್ಯೂಮಿನಿಯಂಗೆ ಮಾತ್ರ ವಾಷಿಂಗ್ ಸೋಡಾ ತಾಗಿಸಬೇಡಿ, ಕಪ್ಪಾಗುತ್ತದೆ.

ಮೂಸಂಬಿ, ಕಿತ್ತಳೆ, ನಿಂಬೆ ಸಿಪ್ಪೆ ಜಾಸ್ತಿ ಬರುವ ಮನೆಯವರು ಬಯೋ ಎಂಜೈಮ್ ಮಾಡಿಕೊಳ್ಳಿ. 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಒಳಗೆ ಗ್ಯಾಸ್ ತುಂಬುವುದರಿಂದ ಗಾಜು ಒಡೆಯಬಹುದು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ಮೂರು ತಿಂಗಳಿಗೆ ಕಂದು ಬಣ್ಣದ, ಹುಳಿ ವಾಸನೆಯ ನೀರಾಗುತ್ತದೆ. ಸೋಸಿ, ನೀರು ಬೆರೆಸಿ ಸಿಂಕು, ಟೈಲ್ಸ್ ಒರೆಸಿ. ಇದೂ ಹುಳಿಯೇ, ಶಹಾಬಾದ್ ನೆಲಕ್ಕೆ ಆಗದು.

ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ಈ ಯಾವುದನ್ನೂ ನಂಬಿ ಕೂರಬೇಡಿ. ಕೊಳೆ ತೆಗೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಅವತ್ತು ಟಾಯ್ಲೆಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕಿಟಕಿ ತೆರೆದಿಡಿ. ಅದಕ್ಕೂ ಮುಂಚೆ ನಿಂಬೆ ಉಪ್ಪು, ವಿನೆಗರ್ ಅಥವಾ ಬಯೋ ಎಂಜೈಮ್ ಹಾಕಿದ್ದರೆ ನೀರು ಸುರಿದು ಪೂರ್ತಿ ತೊಳೆದಿರಬೇಕು. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.