ತೆರಿಗೆ ಬಾಕಿಯ ಆಸ್ತಿ ಹರಾಜು: ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ

ಪ್ರತಿ ತಿಂಗಳ ಮೊದಲ ಮಂಗಳವಾರ ಟೆಕ್ಸಸ್‌ನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತೆ) ಆಸ್ತಿ ತೆರಿಗೆ ಕಟ್ಟದವರ ಮನೆ, ಸೈಟು, ಜಮೀನು ಹರಾಜಿಗೆ ಬರುತ್ತವೆ. ಅಲ್ಲಿ ಅಗ್ಗಕ್ಕೆ ಸಿಗುತ್ತದಂತೆ, ಕೊಳ್ಳಬಹುದೇ ಎಂದು ಸಂಘದಲ್ಲಿ ವಿಚಾರಿಸುವವರು ಬಹಳ. ನಮ್ಮ ಮನೆಯೇ ಆ ಪಟ್ಟಿಗೆ ಹೋಗದಂತೆ ಏನು ಮಾಡಬೇಕು ಎಂದು ಕೇಳುವವರು ತೀರ ಕಡಿಮೆ. ಆದ್ದರಿಂದ ಅದೇ ಮೊದಲು.

ನಿಮ್ಮ ಮನೆಯ ತೆರಿಗೆ

ಬೆಂಗಳೂರಿನಲ್ಲಿ ಕಂದಾಯ ಬಾಕಿ ಉಳಿಸಿಕೊಂಡು ಓಟಿಎಸ್ (ಬಾಕಿಯನ್ನು ಒಮ್ಮೆಗೇ ಕಟ್ಟಿದರೆ ದಂಡ, ಬಡ್ಡಿಯಲ್ಲಿ ರಿಯಾಯಿತಿ) ಬರಲಿ ಎಂದು ಕಾದವರಿದ್ದಾರೆ. 2024ರಲ್ಲಿ ಅದು ಬಂತು ಕೂಡ. ಆ ಲೆಕ್ಕಾಚಾರವನ್ನು ಅಲ್ಲೇ ಬಿಟ್ಟು ಬನ್ನಿ. ಇಲ್ಲಿ ಯಾರೂ ಮನ್ನಾ ಮಾಡುವುದಿಲ್ಲ.

ಬಿಲ್ಲು ಅಕ್ಟೋಬರ್ ಹೊತ್ತಿಗೆ ಹೊರಡುತ್ತದೆ. ಕಟ್ಟಲು ಕೊನೆಯ ದಿನ ಜನವರಿ 31. ಫೆಬ್ರವರಿಯಲ್ಲಿ ಕಟ್ಟಿದರೆ ದಂಡ, ಬಡ್ಡಿ ಸೇರಿ ಶೇ. 7 ಹೆಚ್ಚು. ಮಾರ್ಚ್‌ನಲ್ಲಿ 9, ಏಪ್ರಿಲ್‌ನಲ್ಲಿ 11, ಮೇನಲ್ಲಿ 13, ಜೂನ್‌ನಲ್ಲಿ 15, ಜುಲೈನಲ್ಲಿ 18. ಜುಲೈನಿಂದ ಇದರ ಮೇಲೆ ವಕೀಲರ ವಸೂಲಿ ಶುಲ್ಕ ಶೇ. 20ರವರೆಗೆ ಬೀಳಬಹುದು. 9,000 ಡಾಲರ್ ಬಿಲ್ಲು ಜುಲೈಗೆ 10,620 ಆಗುತ್ತದೆ, ವಕೀಲರ ಶುಲ್ಕ ಪೂರ್ತಿ ಸೇರಿದರೆ 12,744. ಅಲ್ಲಿಂದ ಮುಂದೆಯೂ ತಿಂಗಳಿಗೆ ಶೇ. 1 ಬಡ್ಡಿ ಓಡುತ್ತಲೇ ಇರುತ್ತದೆ.

“ಬಿಲ್ಲೇ ಬರಲಿಲ್ಲ” ಎಂಬ ಮಾತು ನಡೆಯುವುದಿಲ್ಲ. ಬಿಲ್ಲು ತಲುಪದಿದ್ದರೂ ತೆರಿಗೆ, ದಂಡ ಎರಡೂ ನಿಮ್ಮವೇ ಎಂದು ಕಾನೂನಿನಲ್ಲೇ ಇದೆ. ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಹೇಳಿ ಸುಮ್ಮನಾಗುತ್ತೀರಿ. ಅಪ್ರೈಸಲ್ ಡಿಸ್ಟ್ರಿಕ್ಟ್‌ಗೂ ಬರೆದು ಕೊಡಿ. ಬೆಲೆ ಕಟ್ಟುವುದು ಆ ಕಚೇರಿ. ಹಣ ಕಟ್ಟಿಸಿಕೊಳ್ಳುವ ಟ್ಯಾಕ್ಸ್ ಅಸೆಸರ್-ಕಲೆಕ್ಟರ್ ಕಚೇರಿ ಬೇರೆ.

ಸಿಕ್ಕಿಬೀಳುವವರು ಹೆಚ್ಚಾಗಿ ಇವರು:

ಹೊಸ ಬಡಾವಣೆಯಲ್ಲಿ ಮನೆ ಕೊಂಡವರು. ತೆರಿಗೆಯ ಬೆಲೆ ಜನವರಿ 1ರಂದು ಇದ್ದ ಸ್ಥಿತಿಗೆ. ಆ ದಿನ ಬರೀ ಮಣ್ಣಿದ್ದರೆ ಮೊದಲ ವರ್ಷ ಸೈಟಿಗಷ್ಟೇ ಬಿಲ್ಲು, ಎರಡನೇ ವರ್ಷ ಪೂರ್ತಿ ಮನೆಗೆ. ಎಸ್ಕ್ರೋ ಖಾತೆಯಲ್ಲಿ (ಸಾಲದ ಕಂಪನಿ ತಿಂಗಳ ಕಂತಿನ ಜೊತೆ ತೆರಿಗೆಯ ಹಣ ಕೂಡಿಸಿ, ನಿಮ್ಮ ಪರವಾಗಿ ಕಟ್ಟುವ ಖಾತೆ) ಸಾವಿರಾರು ಡಾಲರ್ ಕೊರತೆ ಬಿದ್ದು ತಿಂಗಳ ಕಂತು ಏರುತ್ತದೆ. ಮೊದಲ ವರ್ಷ ಉಳಿದ ಹಣವನ್ನು ಚಿನ್ನಕ್ಕೋ ಪ್ರವಾಸಕ್ಕೋ ಹಾಕಬೇಡಿ, ಎತ್ತಿಡಿ.

ಬರೀ ಸೈಟು ಕೊಂಡವರು. ನಮ್ಮವರಿಗೆ ಸೈಟಿನ ಮೇಲೆ ಪ್ರೀತಿ ಜಾಸ್ತಿ. ಆದರೆ ಅದಕ್ಕೆ ಸಾಮಾನ್ಯವಾಗಿ ಎಸ್ಕ್ರೋ ಇರುವುದಿಲ್ಲ, ಬಿಲ್ಲು ಹಳೆಯ ಅಪಾರ್ಟ್‌ಮೆಂಟಿನ ವಿಳಾಸಕ್ಕೆ ಹೋಗುತ್ತಿರುತ್ತದೆ.

ಸಾಲ ತೀರಿಸಿದವರು, ಸಾಲ ಬೇರೆ ಕಂಪನಿಗೆ ವರ್ಗವಾದವರು. ಡಿಸೆಂಬರ್ ಕೊನೆಯಲ್ಲಿ ಕೌಂಟಿಯ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆರೆದು ಬಾಕಿ ಸೊನ್ನೆ ಎಂದು ಕಣ್ಣಾರೆ ನೋಡಿ. ಕೆಲವು ಕಡೆ ಮಡ್ (ಬಡಾವಣೆಗೆ ನೀರು, ಒಳಚರಂಡಿ ಒದಗಿಸುವ ಸ್ಥಳೀಯ ಸಂಸ್ಥೆ) ತೆರಿಗೆಯ ಬಿಲ್ಲು ಬೇರೆಯಾಗಿಯೇ ಬರುತ್ತದೆ, ಅದನ್ನೂ ನೋಡಿ.

ಸ್ವಂತ ವಾಸದ ಮನೆಯ ತೆರಿಗೆ ತಗ್ಗಿಸುವ ಹೋಮ್‌ಸ್ಟೆಡ್ ವಿನಾಯಿತಿಯ ಅರ್ಜಿ (ನಮೂನೆ 50-114) ಉಚಿತ. ವೀಸಾದಲ್ಲಿರುವವರಿಗೂ ಸಿಗುತ್ತದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಅದೇ ಮನೆಯ ವಿಳಾಸ ಇರಬೇಕು. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎಂಬ ಪತ್ರಗಳನ್ನು ಹರಿದುಹಾಕಿ.

ಬಾಕಿ ಬಿದ್ದೇಬಿಟ್ಟಿದ್ದರೆ ಸಂಕೋಚ ಬಿಟ್ಟು ಕಲೆಕ್ಟರ್ ಕಚೇರಿಗೆ ಹೋಗಿ ಕಂತು ಕೇಳಿ. ಹಿಂದಿನ 24 ತಿಂಗಳಲ್ಲಿ ಇಂಥ ಒಪ್ಪಂದ ಮಾಡಿಕೊಂಡಿರದಿದ್ದರೆ ವಾಸದ ಮನೆಗೆ ಕನಿಷ್ಠ 12 ತಿಂಗಳ ಕಂತು ಕೊಡಲೇಬೇಕು. ಅದನ್ನು ಕೇಳದೆ ಖಾಸಗಿ “ಪ್ರಾಪರ್ಟಿ ಟ್ಯಾಕ್ಸ್ ಲೋನ್” ತೆಗೆದುಕೊಳ್ಳಬೇಡಿ. ಬಡ್ಡಿ ಶೇ. 18ರವರೆಗೆ ಇರಬಹುದು, ಮೇಲೆ ಶುಲ್ಕ. ಮನೆಯ ಮೇಲೆ ಕೌಂಟಿಗಿದ್ದ ಹಕ್ಕು ಆ ಕಂಪನಿಯ ಕೈಗೆ ಹೋಗುತ್ತದೆ.

ಲೀನ್ ಬೇರೆ, ಡೀಡ್ ಬೇರೆ

ಇನ್ನು ಹರಾಜಿನಲ್ಲಿ ಕೊಳ್ಳುವ ವಿಚಾರ. ಲೀನ್ ಎಂದರೆ ಬಾಕಿಗಾಗಿ ಆಸ್ತಿಯ ಮೇಲಿರುವ ಹಕ್ಕು, ಡೀಡ್ ಎಂದರೆ ಆಸ್ತಿಯನ್ನೇ ವರ್ಗಾಯಿಸುವ ಪತ್ರ. ಫ್ಲಾರಿಡಾದಂಥ ರಾಜ್ಯಗಳಲ್ಲಿ ಮೊದಲು ಮಾರುವುದು ಬಾಕಿಯನ್ನು. ಕೊಂಡವರ ಕೈಗೆ ಬರುವುದು ಒಂದು ಸರ್ಟಿಫಿಕೇಟು. ಮನೆಯ ಕೀ ಬರುವುದಿಲ್ಲ. ಬಡ್ಡಿ ಶೇ. 18ರಿಂದ ಶುರುವಾಗಿ ಕಾಲು ಕಾಲು ಶೇಕಡಾದಂತೆ ಕೆಳಗಿಳಿಯುತ್ತದೆ; ಕಡಿಮೆ ಬಡ್ಡಿ ಕೇಳಿದವರಿಗೆ ಸರ್ಟಿಫಿಕೇಟು. ಒಳ್ಳೆಯ ಆಸ್ತಿಗಳಿಗೆ 18 ಉಳಿಯುವುದಿಲ್ಲ. ಕೊಟ್ಟ ವರ್ಷದ ಏಪ್ರಿಲ್ 1ರಿಂದ 2 ವರ್ಷ ಕಳೆದ ಮೇಲೆ ಡೀಡ್‌ಗೆ ಅರ್ಜಿ ಹಾಕಬಹುದು. ಆಗ ಆ ಆಸ್ತಿಯ ಇತರ ಬಾಕಿಗಳನ್ನೂ ನೀವೇ ಕಟ್ಟಬೇಕು, ಕಟ್ಟಿದರೂ ಮನೆ ನೇರವಾಗಿ ನಿಮಗೆ ಬರದೆ ಬಹಿರಂಗ ಹರಾಜಿಗೆ ಹೋಗುತ್ತದೆ. 7 ವರ್ಷಕ್ಕೆ ಸರ್ಟಿಫಿಕೇಟು ಸಾಯುತ್ತದೆ. ಮೊದಲ 2 ವರ್ಷ ಮಾಲೀಕರಿಗೆ ಫೋನು ಮಾಡಿ ದುಡ್ಡು ಕೇಳುವಂತಿಲ್ಲ.

ಟೆಕ್ಸಸ್‌ನಲ್ಲಿ ಈ ಸರ್ಟಿಫಿಕೇಟು ಇಲ್ಲ. ನ್ಯಾಯಾಲಯದ ತೀರ್ಪಾದ ಮೇಲೆ ಶೆರಿಫ್ ಅಥವಾ ಕಾನ್‌ಸ್ಟೇಬಲ್ ಆಸ್ತಿಯನ್ನೇ ಹರಾಜು ಹಾಕುತ್ತಾರೆ. ಆದರೆ ಹಳೆಯ ಮಾಲೀಕರಿಗೆ ಬಿಡಿಸಿಕೊಳ್ಳುವ ಹಕ್ಕು ಉಳಿದಿರುತ್ತದೆ: ವಾಸದ ಮನೆ ಮತ್ತು ಕೃಷಿ ಜಮೀನಿಗೆ 2 ವರ್ಷ, ಉಳಿದವಕ್ಕೆ 180 ದಿನ. ದಿನ ಎಣಿಸುವುದು ನಿಮ್ಮ ಡೀಡ್ ನೋಂದಣಿಯಾದಂದಿನಿಂದ. ಮೊದಲ ವರ್ಷ ಬಿಡಿಸಿಕೊಂಡರೆ ನಿಮಗೆ ಶೇ. 25 ಹೆಚ್ಚುವರಿ, ಎರಡನೇ ವರ್ಷ ಶೇ. 50. ಇದು ದಿನದ ಲೆಕ್ಕದ ಬಡ್ಡಿಯಲ್ಲ. 60,000ಕ್ಕೆ ಕೊಂಡ ಮನೆಯನ್ನು ಮೂರೇ ತಿಂಗಳಲ್ಲಿ ಬಿಡಿಸಿಕೊಂಡರೂ 75,000 ಕೊಡಬೇಕು. ನೀವು ಕಟ್ಟಿದ ತೆರಿಗೆ, ವಿಮೆ, ನೋಂದಣಿ ಖರ್ಚು ಬೇರೆ. ಆದರೆ ನೀವು ಆಸೆಯಿಂದ ಹಾಕಿಸಿದ ಗ್ರಾನೈಟ್ ಅಡುಗೆ ಕಟ್ಟೆಯ ಖರ್ಚು ವಾಪಸ್ ಬರುವುದಿಲ್ಲ. ಅವಧಿ ಮುಗಿಯುವತನಕ ರಿಪೇರಿಗಿಂತ ಹೆಚ್ಚಿನದಕ್ಕೆ ಕೈ ಹಾಕಬೇಡಿ.

ಕೂಗುವ ಮೊದಲು

ಊರಿನಲ್ಲಿ ಸೈಟು ಕೊಳ್ಳುವಾಗ ಇಸಿ, ತಾಯಿಪತ್ರ, ಖಾತೆ ಎಲ್ಲ ಕೇಳಿ ನಾಲ್ಕು ಜನರಿಗೆ ತೋರಿಸುವ ನಾವು ಇಲ್ಲಿ “ಸರ್ಕಾರವೇ ಮಾರುವುದಲ್ಲ” ಎಂದು ಕಣ್ಣು ಮುಚ್ಚುತ್ತೇವೆ. ಹರಾಜಿನ ಡೀಡ್‌ಗೆ ಯಾವ ಖಾತರಿಯೂ ಇಲ್ಲ. ಕೆಟ್ಟಿದ್ದರೆ ವಾಪಸ್ ಇಲ್ಲ.

ಪಟ್ಟಿಯಲ್ಲಿ ದಾವೆ ಸಂಖ್ಯೆ ಇರುತ್ತದೆ. ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಲ್ಲಿ ಕಡತ ತೆಗೆಸಿ, ಯಾರನ್ನೆಲ್ಲ ಪ್ರತಿವಾದಿ ಮಾಡಿದ್ದಾರೆ ನೋಡಿ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಅಲ್ಲಿ ಬಿಟ್ಟುಹೋಗಿದ್ದರೆ ಆ ಸಾಲ ಮನೆಗೆ ಅಂಟಿಕೊಂಡೇ ನಿಮ್ಮ ಹೆಗಲಿಗೆ ಬರುತ್ತದೆ. ಸತ್ತುಹೋದವರ ಆಸ್ತಿಯಾದರೆ ವಾರಸುದಾರರೆಲ್ಲ ಇದ್ದಾರೆಯೇ? ಒಬ್ಬರ ಪಾಲನ್ನಷ್ಟೇ ಮಾರುವುದೂ ಉಂಟು. ಕೌಂಟಿ ಕ್ಲರ್ಕ್ ದಾಖಲೆಯಲ್ಲಿ ಐಆರ್‌ಎಸ್ (ಕೇಂದ್ರದ ಆದಾಯ ತೆರಿಗೆ ಇಲಾಖೆ) ಲೀನ್ ಕಂಡರೆ, ಮಾರಾಟವಾದ ಮೇಲೂ ಕನಿಷ್ಠ 120 ದಿನ ಅವರು ಆಸ್ತಿ ಬಿಡಿಸಿಕೊಳ್ಳಬಹುದು. ತೀರ್ಪಿನ ನಂತರದ ವರ್ಷಗಳ ತೆರಿಗೆ ಕನಿಷ್ಠ ಬೆಲೆಯಲ್ಲಿ ಸೇರಿರದೆ ಇರಬಹುದು, ಅದು ಕೊಂಡವರ ಪಾಲಿಗೆ.

ಆಮೇಲೆ ಅಪ್ರೈಸಲ್ ಡಿಸ್ಟ್ರಿಕ್ಟ್ ನಕ್ಷೆ. ಬೀದಿ ವಿಳಾಸ ನಂಬಬೇಡಿ, ಲಾಟು-ಬ್ಲಾಕು ಸಂಖ್ಯೆ ತಾಳೆ ನೋಡಿ. ಎರಡು ಮನೆಗಳ ನಡುವಿನ ಎಂಟಡಿ ಪಟ್ಟಿ, ಚರಂಡಿಯ ಜಾಗ, ದಾರಿಯಿಲ್ಲದ ಹಿತ್ತಲು ಎಲ್ಲವೂ “ಸೈಟು” ಎಂದೇ ಹರಾಜಿಗೆ ಬರುತ್ತವೆ. ಕಾರಿನಲ್ಲಿ ಹೋಗಿ ಹೊರಗಿನಿಂದ ನೋಡಿ, ಒಳಗೆ ಕಾಲಿಡುವ ಹಕ್ಕು ನಿಮಗಿಲ್ಲ. ಜನ ವಾಸವಿದ್ದರೆ ಬಿಡಿಸಲು ಎವಿಕ್ಷನ್ ದಾವೆ ಬೇಕು. ಟೈಟಲ್ ಇನ್ಶುರೆನ್ಸ್ (ಮಾಲೀಕತ್ವದ ದೋಷಗಳಿಗೆ ವಿಮೆ) ಕಂಪನಿಗಳು ಇಂಥ ಡೀಡ್‌ಗೆ ಸುಲಭಕ್ಕೆ ಪಾಲಿಸಿ ಕೊಡುವುದಿಲ್ಲ. ಅದಿಲ್ಲದೆ ಮುಂದೆ ಬ್ಯಾಂಕ್ ಸಾಲದವರಿಗೆ ಮಾರುವುದು ಕಷ್ಟ.

ಹರಾಜಿನ ದಿನಕ್ಕೆ:

- ಕೌಂಟಿಗೆ ನಿಮ್ಮ ತೆರಿಗೆ ಬಾಕಿ ಇಲ್ಲವೆಂಬ ಪತ್ರ. ಕಲೆಕ್ಟರ್ ಕಚೇರಿಯಲ್ಲಿ ಹೆಚ್ಚೆಂದರೆ 10 ಡಾಲರ್, 90 ದಿನ ಊರ್ಜಿತ
- ಪತ್ರದಲ್ಲಿರುವ ಹೆಸರಿಗೇ ಡೀಡ್. ಹೆಂಡತಿಯ ಹೆಸರಿಗೆ ಬೇಕಿದ್ದರೆ ಮೊದಲೇ ಹಾಗೆ ಮಾಡಿಸಿ
- ಪೂರ್ತಿ ಹಣ ಕ್ಯಾಷಿಯರ್ಸ್ ಚೆಕ್ಕಿನಲ್ಲಿ (ನಮ್ಮ ಡಿಡಿಯಂತೆ ಬ್ಯಾಂಕೇ ಕೊಡುವ ಚೆಕ್ಕು) ಸಿದ್ಧ
- ಆ ಬೆಳಿಗ್ಗೆಯ ಪಟ್ಟಿ. ಮಾಲೀಕರು ಹಣ ಕಟ್ಟಿದರೆ ಅಥವಾ ದಿವಾಳಿ ಅರ್ಜಿ ಹಾಕಿದರೆ ಕೊನೆ ಗಳಿಗೆಯಲ್ಲಿ ಹೆಸರು ಹೋಗುತ್ತದೆ
- ಎಚ್1ಬಿಯಲ್ಲಿದ್ದು ಮನೆ ಕೊಂಡು ರಿಪೇರಿ ಮಾಡಿ ಮಾರುವ ಯೋಚನೆಯಿದ್ದರೆ ಮೊದಲು ವಲಸೆ ವಕೀಲರ ಮಾತು

ಮನೆ ಕಳೆದುಕೊಂಡವರಿಗೆ

ಬಾಕಿಗಿಂತ ಹೆಚ್ಚು ಬಂದ ಹಣ ಮಾಲೀಕರದ್ದು. ಮಿನಿಸೋಟಾದಲ್ಲಿ ಸುಮಾರು 15,000 ಡಾಲರ್ ಬಾಕಿಗೆ ಜೆರಾಲ್ಡೀನ್ ಟೈಲರ್ ಎಂಬ ವೃದ್ಧೆಯ ಮನೆಯನ್ನು 40,000ಕ್ಕೆ ಮಾರಿ ಹೆನೆಪಿನ್ ಕೌಂಟಿ ಉಳಿದ 25,000 ಇಟ್ಟುಕೊಂಡಿತ್ತು. 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪೆಂದು ಒಮ್ಮತದಿಂದ ಹೇಳಿತು. ಟೆಕ್ಸಸ್‌ನಲ್ಲಿ ಆ ಹಣ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಇರುತ್ತದೆ. ಮಾರಾಟವಾದ 2 ವರ್ಷದೊಳಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಪಾಲು ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂದು ಬರುವ ಮಧ್ಯವರ್ತಿಗಳ ಕಾಗದಕ್ಕೆ ಸಹಿ ಹಾಕುವ ಮುಂಚೆ ದಾವೆ ಸಂಖ್ಯೆ ಹಿಡಿದು ಕ್ಲರ್ಕ್ ಕಚೇರಿಗೆ ನೀವೇ ಹೋಗಿ ಎಷ್ಟು ಹಣವಿದೆ ಕೇಳಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆಯಿದ್ದರೆ ಸಂಘದ ಸ್ವಯಂಸೇವಕರು ಜೊತೆಗೆ ಬರುತ್ತಾರೆ.