ಮುಸ್ಸಂಜೆಗೆ ಕಿಟಕಿ ಪಕ್ಕದ ಮೇಜು: ದುಬೈನಲ್ಲಿ ನನ್ನ ಅನುಭವ

ಕಳೆದ ಡಿಸೆಂಬರ್‌ನಲ್ಲಿ ಒಂದು ಮಂಗಳವಾರ, ಶೇಖ್ ಜಾಯೆದ್ ರಸ್ತೆಯ ಒಂದು ಟವರ್‌ನ ಐವತ್ತು ಚಿಲ್ಲರೆ ಮಹಡಿಯಲ್ಲಿ ನಾನೂ ನನ್ನ ಹೆಂಡತಿಯೂ ಕೂತಿದ್ದೆವು. ಮೊಣಕೈ ಚಾಚಿದರೆ ಗಾಜಿಗೆ ತಾಗುವಷ್ಟು ಹತ್ತಿರದ ಮೇಜು. ಎದುರಿಗೆ ಬುರ್ಜ್ ಖಲೀಫಾ. ಬಿಸಿಲು ಇದ್ದಾಗಿನಿಂದ ಪೂರ್ತಿ ಕತ್ತಲಾಗುವವರೆಗೆ ಯಾರೂ ನಮ್ಮನ್ನು ಎಬ್ಬಿಸಲಿಲ್ಲ. ಇಬ್ಬರಿಗೂ ಸೇರಿ ಬಿಲ್ 390 ದಿರ್ಹಮ್ ಆಸುಪಾಸು. ಅದೇ ಮೇಜಿಗೆ ರಾತ್ರಿ ಎಂಟು ಗಂಟೆಗೆ ಒಬ್ಬೊಬ್ಬರಿಗೂ 500 ಮಿನಿಮಮ್ ಸ್ಪೆಂಡ್ ಇತ್ತು, ಅಂದರೆ ಏನು ತಿಂದರೂ ಕನಿಷ್ಠ ಅಷ್ಟು ಖರ್ಚು ಮಾಡಲೇಬೇಕು.

ಇದು ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ನಮ್ಮ ಆಫೀಸಿನ ಮಂಗಳೂರು ಕಡೆಯ ಗೆಳೆಯರೊಬ್ಬರು ಹನ್ನೆರಡು ವರ್ಷದಿಂದ ಇಲ್ಲಿದ್ದಾರೆ, ದೊಡ್ಡ ಹೋಟೆಲುಗಳ ಒಳಹೊರಗು ಗೊತ್ತಿರುವವರು. "ಅಲ್ಲಿ ದುಡ್ಡು ಕೊಡುದೇ ಕಿಟಕಿಗೆ ಮಾರಾಯ, ಊಟ ಬರೀ ನೆಪ. ಕಡಿಮೆಗೆಲ್ಲ ಸಿಗುದಿಲ್ಲ" ಅಂದಿದ್ದರು. ನನಗೂ ನಾಲ್ಕು ಸಲ ಕೈ ಸುಟ್ಟಿತ್ತು. ಐದನೇ ಸಲಕ್ಕೆ ಕೈಗೂಡಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಡ್ರೆಸ್ ಕೋಡ್‌ನಂಥದ್ದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ಮೊದಲ ಸೋಲು ದುಬಾರಿಯದು. ಸೂರ್ಯಾಸ್ತ ನೋಡಬೇಕು ಅಂದರೆ ಪಡುವಣ ಕಿಟಕಿಯೇ ಬೇಕು ಅಂತ ಹಟ ಹಿಡಿದು, ಸಮುದ್ರದ ಕಡೆಯ ಮೇಜು ಕೇಳಿ ತಗೊಂಡೆ. ಹೋಗಿ ಕೂತ ಹತ್ತು ನಿಮಿಷ ಸ್ವರ್ಗ. ಆಮೇಲೆ ಸೂರ್ಯ ಕೆಳಗಿಳಿದು ಬೆಳಕು ನೇರ ಕಣ್ಣಿಗೆ ಹೊಡೆಯತೊಡಗಿತು. ಪಕ್ಕದ ಮೇಜಿನವರು ವೇಟರ್‌ನನ್ನು ಕರೆದರು. ಅವನು ಗೋಡೆಯ ಮೇಲಿನ ಒಂದು ಗುಂಡಿ ಒತ್ತಿದ. ಇಡೀ ಸಾಲಿನ ಪರದೆ ಒಟ್ಟಿಗೇ ಸದ್ದಿಲ್ಲದೆ ಇಳಿಯಿತು. ಬೂದು ಬಟ್ಟೆಯ ಹಿಂದೆ ಒಂದು ಕಿತ್ತಳೆ ಚುಕ್ಕೆ, ಅಷ್ಟೇ ಕಂಡಿದ್ದು. ಪರದೆ ಮೇಲೆ ಹೋದಾಗ ಹೊರಗೆ ಕತ್ತಲು. ಬಿಲ್ 900 ದಾಟಿತ್ತು. ಫೋನಿನಲ್ಲಿ ಹೇಳಿದ ಬೆಲೆಯ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, 7 ಪರ್ಸೆಂಟ್ ಮುನಿಸಿಪಾಲಿಟಿ ಫೀ, 5 ಪರ್ಸೆಂಟ್ ವ್ಯಾಟ್. ಎಲ್ಲ ಸೇರಿ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಮೇಲೆ ಬಂತು. ಅಂದಿನಿಂದ "ಎಲ್ಲ ಸೇರಿ ಎಷ್ಟು?" ಅಂತ ಕೇಳದೆ ಫೋನ್ ಇಡುವುದಿಲ್ಲ.

ಎರಡನೆಯದು ಆಗಸ್ಟ್‌ನಲ್ಲಿ. ಬೇಸಿಗೆ ಆಫರ್ ಇತ್ತು, ಇಬ್ಬರಿಗೆ 450ರ ಹತ್ತಿರ. ಕಿಟಕಿಯೂ ಸಿಕ್ಕಿತು. ಆದರೆ ಊರೇ ಇರಲಿಲ್ಲ. ತೇವ ಮತ್ತು ಧೂಳು ಸೇರಿದ ಬಿಳಿ ಮಬ್ಬಿನಲ್ಲಿ ಎದುರಿನ ಎರಡು ಕಟ್ಟಡ ಬಿಟ್ಟರೆ ಮತ್ತೇನೂ ಕಾಣಲಿಲ್ಲ. ಮೂರನೆಯದು ಆ್ಯಪ್‌ನಲ್ಲಿ "ಕಿಟಕಿ ಬೇಕು" ಅಂತ ಬರೆದು ನಂಬಿಕೊಂಡು ಹೋಗಿದ್ದು. ಕಂಬದ ಹಿಂದೆ ಕೂರಿಸಿದರು. ಕೋರಿಕೆ ಬೇರೆ, ಖಾತರಿ ಬೇರೆ. 620 ಹೋಯಿತು. ನಾಲ್ಕನೆಯದು ರಾತ್ರಿ ಎಂಟೂವರೆಗೆ. ಕಿಟಕಿ ಸಿಕ್ಕಿತು, ಆಕಾಶವೂ ಶುಭ್ರ. ಆದರೂ ಗಾಜಿನಲ್ಲಿ ನಮ್ಮ ಮುಖ, ನಮ್ಮ ತಟ್ಟೆ, ಹಿಂದಿನ ಮೇಜಿನವರ ಹುಟ್ಟುಹಬ್ಬದ ಕೇಕು, ಎಲ್ಲ ಕಂಡವು. ಊರು ಕಾಣಲಿಲ್ಲ. ಅದಕ್ಕೆ 1,100.

ನಾಲ್ಕೂ ಸೇರಿ ಮೂರು ಸಾವಿರದ ಮೇಲೆ. ಮನೆಯಲ್ಲಿ ಮಾತು ಬಂತು, ಬರಬೇಕಾದ್ದೇ. ಆದರೆ ನಾಲ್ಕನೇ ರಾತ್ರಿ ಟ್ಯಾಕ್ಸಿಯಲ್ಲಿ ವಾಪಸ್ ಬರುವಾಗಲೇ ಉತ್ತರ ಹೊಳೆಯಿತು. ನಾನು ಹುಡುಕಬೇಕಾಗಿದ್ದು ಅಗ್ಗದ ಹೋಟೆಲನ್ನಲ್ಲ. ಊಟದ ನೂಕುನುಗ್ಗಲು ಶುರುವಾಗುವ ಮೊದಲೇ ಕತ್ತಲಾಗುವ ದಿನವನ್ನು.

ಜೂನ್‌ನಲ್ಲಿ ದುಬೈನಲ್ಲಿ ಸೂರ್ಯ ಮುಳುಗುವುದು ಏಳು ಗಂಟೆ ಹತ್ತು ನಿಮಿಷದ ಸುಮಾರಿಗೆ. ಅಷ್ಟರಲ್ಲಿ ಡಿನ್ನರ್ ರೇಟು ಶುರುವಾಗಿರುತ್ತದೆ. ಡಿಸೆಂಬರ್ ಶುರುವಿನಲ್ಲಿ ಐದೂವರೆಗೇ ಮುಳುಗುತ್ತದೆ. ಆಗ ಹೋಟೆಲಿನವರ ಲೆಕ್ಕದಲ್ಲಿ ಇನ್ನೂ ಮಧ್ಯಾಹ್ನದ ಚಹಾ ಹೊತ್ತು. ಅದೇ ಕಿಟಕಿ, ಅದೇ ದೀಪಗಳು, ರೇಟು ಮಾತ್ರ ಚಹಾದ್ದು. ಇನ್ನೊಂದು ಮಾತು. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬಂದರೂ ಇಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಡಿಸೆಂಬರ್ ಮೊದಲ ದಿನಗಳಲ್ಲಿ. ಇಪ್ಪತ್ತೊಂದರ ಹೊತ್ತಿಗೆ ಐದಾರು ನಿಮಿಷ ತಡವಾಗಿರುತ್ತದೆ, ಜೊತೆಗೆ ಕ್ರಿಸ್‌ಮಸ್ ರೇಟು ಬೇರೆ. ಡಿಸೆಂಬರ್ 2, 3 ಇಲ್ಲಿನ ರಾಷ್ಟ್ರೀಯ ದಿನದ ರಜೆ, ಕಾಲಿಡಲು ಜಾಗ ಇರಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ 5ರಿಂದ 14ರವರೆಗೆ, ಅದರಲ್ಲೂ ಸೋಮವಾರ ಅಥವಾ ಮಂಗಳವಾರ.

ಇನ್ನು ದಿಕ್ಕು. ಪಡುವಣ ಕಿಟಕಿ ಬೇಡ. ಬೆನ್ನ ಹಿಂದೆ ಸೂರ್ಯ ಇರಬೇಕು. ಶೇಖ್ ಜಾಯೆದ್ ರಸ್ತೆಯ ಟವರ್‌ಗಳಿಂದ ಆಗ್ನೇಯಕ್ಕೆ ನೋಡಿದರೆ ಬುರ್ಜ್ ಖಲೀಫಾ ಎದುರಿಗಿರುತ್ತದೆ, ಸಂಜೆ ಬಿಸಿಲು ನೇರ ಅದರ ಮೈಮೇಲೆ ಬೀಳುತ್ತದೆ. ಪರದೆ ಇಳಿಸುವ ಪ್ರಶ್ನೆಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಕಡೆಯ ಮೇಜುಗಳನ್ನು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಎಲ್ಲರೂ ಸಮುದ್ರದ ಕಡೆಯೇ ಕೇಳುತ್ತಾರೆ, ನಾನೂ ಕೇಳಿದ್ದೆ ಅಲ್ವಾ. ಬುರ್ಜ್‌ನ ಬುಡದಲ್ಲಿರುವ ಕಾರಂಜಿ ನೋಡಬೇಕು ಅನ್ನುವವರಿಗೆ ಮಾತ್ರ ಈ ಬದಿ ಆಗಲ್ಲ, ಅದರ ಕೆರೆ ಬುರ್ಜ್‌ನ ಆಚೆ ಬದಿಗಿದೆ.

"ಹಾಗಾದರೆ ಬುರ್ಜ್ ಖಲೀಫಾದ ಒಳಗೇ ಹೋಗಬಹುದಲ್ಲ?" ಅಂತ ಸುಮಾರು ಜನ ಕೇಳಿದರು. ಹೋಗಬಹುದು. 122ನೇ ಮಹಡಿಯಲ್ಲಿ, ನೆಲದಿಂದ 442 ಮೀಟರ್ ಮೇಲೆ, ಅಟ್ಮಾಸ್ಫಿಯರ್ ಅನ್ನುವ ರೆಸ್ಟೋರೆಂಟ್ 2011ರಿಂದ ಇದೆ. ಒಮ್ಮೆ ಹೋಗಿ ಬರಬೇಕಾದ ಜಾಗವೇ. ಆದರೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬುರ್ಜ್ ಖಲೀಫಾದಿಂದ ನೋಡಿದರೆ ಬುರ್ಜ್ ಖಲೀಫಾ ಕಾಣಲ್ಲ. ಅಷ್ಟು ಮೇಲಿನಿಂದ ಊರು ನಕ್ಷೆಯ ಹಾಗೆ ಚಪ್ಪಟೆಯಾಗುತ್ತದೆ. ಐವತ್ತು, ಅರವತ್ತನೇ ಮಹಡಿಯಲ್ಲಿ ಇನ್ನೂ ಅಕ್ಕಪಕ್ಕದ ಕಟ್ಟಡಗಳು ನಿಮ್ಮ ಎತ್ತರಕ್ಕೇ ನಿಂತಿರುತ್ತವೆ. ಎದುರಿನ ಕಿಟಕಿಯಲ್ಲಿ ಯಾರೋ ಇಸ್ತ್ರಿ ಮಾಡುವುದು ಕಾಣುತ್ತದೆ, ಕೆಳಗೆ ಮೆಟ್ರೋ ರೈಲು ಹುಳದ ಹಾಗೆ ಸ್ಟೇಷನ್ನಿಗೆ ತೂರುವುದು ಕಾಣುತ್ತದೆ. ಊಟ ಮಾಡುತ್ತಾ ನೋಡಲು ಬೇಕಾದ್ದು ಅದು.

ಎತ್ತರದ ಮಾತು ಬಂತು, ಒಂದು ಪ್ರಯೋಗ ಹೇಳಿಬಿಡುತ್ತೇನೆ. 2011ರ ರಂಜಾನ್‌ನಲ್ಲಿ ದುಬೈನ ಧಾರ್ಮಿಕ ಅಧಿಕಾರಿಗಳು ಬುರ್ಜ್ ಖಲೀಫಾದವರಿಗೆ ಒಂದು ಸೂಚನೆ ಕೊಟ್ಟಿದ್ದರು. 80ನೇ ಮಹಡಿಯಿಂದ ಮೇಲಿನವರು ಉಪವಾಸ ಬಿಡಲು ಎರಡು ನಿಮಿಷ ಜಾಸ್ತಿ ಕಾಯಬೇಕು, 150ರಿಂದ ಮೇಲಿನವರು ಮೂರು ನಿಮಿಷ. ಮೇಲಿನವರಿಗೆ ಸೂರ್ಯ ಇನ್ನೂ ಕಾಣುತ್ತಿರುತ್ತಾನೆ ಅಂತ. ನಾನು ಅದನ್ನು ಪರೀಕ್ಷಿಸಿದೆ. ಜನವರಿಯ ಒಂದು ಸಂಜೆ ಹೆಂಡತಿ ಜುಮೇರಾ ಬೀಚ್‌ನಲ್ಲಿ, ನಾನು 124ನೇ ಮಹಡಿಯ ವೀಕ್ಷಣಾ ಜಾಗದಲ್ಲಿ, ಇಬ್ಬರೂ ಫೋನಿನಲ್ಲಿ. "ಮುಳುಗಿತು ಕಣ್ರೀ" ಅಂದಳು. ನನ್ನ ಎದುರಿಗೆ ಸೂರ್ಯನ ಅಂಚು ಇನ್ನೂ ಇತ್ತು. ಗಡಿಯಾರ ನೋಡುತ್ತಾ ನಿಂತೆ. ಎರಡೂವರೆ ನಿಮಿಷದ ಮೇಲೆ ಇತ್ತು, ಕೊನೆಗೆ ಮಬ್ಬಿನಲ್ಲಿ ಕರಗಿತು. ಊಟಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಇದೇ ಲೆಕ್ಕ ಆಮೇಲೆ ನನಗೆ ಆ ಡಿಸೆಂಬರ್ ಸಂಜೆಯ ಅತ್ಯಂತ ಚೆಂದದ ನೋಟ ತೋರಿಸಿತು, ಕೆಳಗೆ ಹೇಳುತ್ತೇನೆ.

ಮೇಜು ಹಿಡಿದ ಬಗೆ. ಮೂರು ವಾರ ಮುಂಚೆ ಒಬ್ಬನೇ ಹೋಗಿ ಬಾರ್ ಕೌಂಟರ್‌ನಲ್ಲಿ ಒಂದು ಕಾಫಿ ಕುಡಿದೆ, 40 ದಿರ್ಹಮ್. ನಾನು ಖರ್ಚು ಮಾಡಿದ ಅತ್ಯುತ್ತಮ 40 ದಿರ್ಹಮ್ ಅದು. ಯಾವ ಮೇಜಿನ ಮುಂದೆ ಗಾಜಿನ ಜೋಡಣೆಯ ಪಟ್ಟಿ ಬರುತ್ತದೆ, ಯಾವುದರ ತಲೆ ಮೇಲೆ ದೀಪ ಇದೆ, ಯಾವುದಕ್ಕೆ ಎ.ಸಿ. ಗಾಳಿ ಹೊಡೆಯುತ್ತದೆ, ಎಲ್ಲ ನೋಡಿಕೊಂಡೆ. ಎರಡು ಮೇಜು ಸರಿಯಾಗಿದ್ದವು. ಅವುಗಳ ನಂಬರ್ ಕೇಳಿ ಬರೆದುಕೊಂಡೆ. ಆಮೇಲೆ ಆ್ಯಪ್ ಮುಟ್ಟಲಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ, ಅವರಿಗೆ ಬಿಡುವಿರುವಾಗ, ಫೋನ್ ಮಾಡಿ ನಂಬರ್ ಹೇಳಿಯೇ ಬುಕ್ ಮಾಡಿದೆ. ಚಹಾದ ಕೊನೆಯ ಸ್ಲಾಟ್ ನಾಲ್ಕಕ್ಕೆ. ಎರಡು ಗಂಟೆ ಕೂರಬಹುದು ಅಂದರು. ಅಂದರೆ ಆರಕ್ಕೆ ಏಳಬೇಕು. ನಮಗೆ ಬೇಕಾಗಿದ್ದು ಆರೂಕಾಲು. ಆ ಹದಿನೈದು ನಿಮಿಷ ಸಿಗಲು ಫೋನಿನಲ್ಲಿ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳಲು ಶುರು ಮಾಡಿದರೆ ನಡೆಯುವುದಿಲ್ಲ. ಟವರ್ ಹೆಸರೂ ಅದಕ್ಕೇ ಬಿಟ್ಟಿದ್ದೇನೆ. ಸುಳ್ಳು ಮಾತ್ರ ಹೇಳಿಲ್ಲ.

ಬಿಲ್ ಕಡಿಮೆ ಇಡುವ ದಾರಿ ಸರಳ. ಇಬ್ಬರಿಗೆ ಒಂದೇ ಚಹಾ ಸೆಟ್, ಮೇಲೆ ಒಂದು ಸೂಪು, ಒಂದು ಸಿಹಿ. ಚಹಾ ಸೆಟ್ ಅಂದರೆ ಚಹಾದ ಜೊತೆ ಮೂರಂತಸ್ತಿನ ತಟ್ಟೆಯಲ್ಲಿ ಬರುವ ತಿಂಡಿಗಳು, ಅದು ಇಬ್ಬರಿಗೆ ಬೇಕಾದಷ್ಟಾಗುತ್ತದೆ. ಒಂದೇ ಸೆಟ್ ಹಂಚಿಕೊಳ್ಳಬಹುದಾ ಅಂತ ಬುಕ್ ಮಾಡುವಾಗಲೇ ಕೇಳಿ, ಕೆಲವು ಕಡೆ ಬಿಡಲ್ಲ. ನೀರು ಕೇಳುವಾಗ ಲೋಕಲ್ ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ ನೀರು ಅಂದರೆ ಯುರೋಪಿನ ಬಾಟಲಿ ಬಂದು ಕೂರುತ್ತದೆ, 40 ದಿರ್ಹಮ್ ಹೋಯಿತು.

ಗಾಜಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ನಾಲ್ಕನೇ ಸಲ ಮೋಸ ಹೋಗಿದ್ದೇ ಅಲ್ಲಿ. ಈ ಟವರ್‌ಗಳಲ್ಲಿ ಗಾಜು ಎರಡು ಪದರದ್ದು, ಅಂದರೆ ನಾಲ್ಕು ಮೇಲ್ಮೈ. ಸಾದಾ ಗಾಜಾದರೂ ಒಂದೊಂದು ಮೇಲ್ಮೈಯೂ ಒಳಗಿನ ಬೆಳಕಿನಲ್ಲಿ ಸುಮಾರು 4 ಪರ್ಸೆಂಟ್ ತಿರುಗಿಸಿ ಕಳಿಸುತ್ತದೆ. ಬಿಸಿಲು ತಡೆಯುವ ಲೇಪ ಇದ್ದರೆ ಇನ್ನೂ ಜಾಸ್ತಿ. ಮೇಜಿನ ಮೇಲಿನ ಮೇಣದ ಬತ್ತಿಯನ್ನು ಗಾಜಿನಲ್ಲಿ ಓರೆಯಾಗಿ ನೋಡಿ, ಒಂದರ ಹಿಂದೆ ಒಂದು ಜ್ವಾಲೆ ಸಾಲಾಗಿ ನಿಂತಿರುತ್ತವೆ. ಹೊರಗೆ ಬೆಳಕಿರುವವರೆಗೆ ಅದು ಕಣ್ಣಿಗೆ ಬೀಳಲ್ಲ. ಪೂರ್ತಿ ಕತ್ತಲಾದ ಮೇಲೆ ಅದೇ ಪ್ರತಿಬಿಂಬ ಊರನ್ನು ನುಂಗುತ್ತದೆ. ಅದಕ್ಕೇ ಸೂರ್ಯ ಮುಳುಗಿದ ಮೇಲಿನ ಹದಿನೈದರಿಂದ ಇಪ್ಪತ್ತೈದನೇ ನಿಮಿಷ ಚಿನ್ನ. ಆಕಾಶ ಇನ್ನೂ ನೀಲಿ, ಊರಿನ ದೀಪಗಳೆಲ್ಲ ಹತ್ತಿರುತ್ತವೆ, ಗಾಜಿನಲ್ಲಿ ಪ್ರತಿಬಿಂಬ ಇನ್ನೂ ಮಂಕಾಗಿರುತ್ತದೆ.

ಫೋಟೋಗೆ ಬತ್ತಿಯನ್ನು ಆರಿಸಲು ಹೇಳಿದೆ, ಖುಷಿಯಿಂದ ಆರಿಸಿದರು. ಲೆನ್ಸನ್ನು ಗಾಜಿಗೆ ಅಂಟಿಸಿ, ಸುತ್ತ ಹೆಂಡತಿಯ ಕಪ್ಪು ಶಾಲು. ಸ್ಟ್ಯಾಂಡ್ ಒಳಗೆ ಬಿಡಲ್ಲ, ನ್ಯಾಪ್ಕಿನ್ ಸುರುಳಿ ಸುತ್ತಿ ಕಿಟಕಿ ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ, ಎರಡು ಸೆಕೆಂಡಿನ ಟೈಮರ್. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಕೂಡ ಅಲುಗದೆ ಬಂತು. ಬಿಳಿ ಶರ್ಟ್ ಹಾಕಿಕೊಂಡು ಹೋಗಬೇಡಿ, ಗಾಜಿನಲ್ಲಿ ಮೊದಲು ಕಾಣುವುದು ಅದೇ.

ಚಹಾದ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಮೇಲೆ ಚಹಾ ಸಪ್ಪೆ ಆಗುತ್ತದೆ, ಎತ್ತರದಲ್ಲಿ ನೀರು ಸರಿಯಾಗಿ ಕುದಿಯಲ್ಲ ಅಂತ ಯಾರೋ ಹೇಳಿದ್ದರು. ಲೆಕ್ಕ ಹಾಕಿದರೆ 442 ಮೀಟರ್ ಮೇಲೂ ನೀರು ಕುದಿಯುವುದು ಒಂದೂವರೆ ಡಿಗ್ರಿ ಮಾತ್ರ ಕೆಳಗೆ. ಅಡುಗೆ ಥರ್ಮಾಮೀಟರ್ ಜೇಬಲ್ಲಿ ಒಯ್ದಿದ್ದೆ. ಮೇಜಿಗೆ ಬಂದ ಕೆಟಲ್‌ನಲ್ಲಿ 82 ಡಿಗ್ರಿ ಇತ್ತು. ಅಡುಗೆಮನೆ ದೂರ, ಅಷ್ಟೇ. ಇನ್ನೊಮ್ಮೆ ಕುದಿಯುವ ನೀರು ಕೇಳಿದೆ, ಕೆಟಲನ್ನು ಮೊದಲು ಬಿಸಿ ಮಾಡಿ ತನ್ನಿ ಅಂದೆ. ಎರಡನೇ ಸಲದ ಚಹಾ ಬಣ್ಣವೇ ಬೇರೆ.

ಆ ನೋಟ. ಐದು ಗಂಟೆ ಇಪ್ಪತ್ತೈದರ ಹೊತ್ತಿಗೆ ರಸ್ತೆ ಆಗಲೇ ನೆರಳಿನಲ್ಲಿತ್ತು, ಕಾರುಗಳು ಹೆಡ್‌ಲೈಟ್ ಹಾಕಿದ್ದವು. ಬುರ್ಜ್‌ನ ಮೈ ಮಾತ್ರ ತಾಮ್ರದ ಬಣ್ಣ. ಆಮೇಲೆ ನೆರಳಿನ ಗೆರೆ ಬುಡದಿಂದ ಮೇಲಕ್ಕೆ ಹತ್ತತೊಡಗಿತು. ಕಣ್ಣಿಗೆ ಕಾಣುವ ವೇಗದಲ್ಲಿ, ಒಂದು ಮೆಟ್ಟಿಲಾದ ಮೇಲೆ ಇನ್ನೊಂದು. ನಮ್ಮ ಮಹಡಿಯ ಮಟ್ಟ ದಾಟಿತು. ಕೊನೆಗೆ 828 ಮೀಟರ್ ಎತ್ತರದ ಆ ತುದಿ ಮಾತ್ರ ಕೆಂಪಗೆ ಉಳಿಯಿತು, ಊದಿ ಆರಿಸಿದ ಕಡ್ಡಿಯ ತುದಿಯಲ್ಲಿ ಕೆಂಡ ಉಳಿದ ಹಾಗೆ. ಬುಡದಿಂದ ತುದಿಗೆ ನಾಲ್ಕು ನಿಮಿಷ ಚಿಲ್ಲರೆ. ನನ್ನ ಹೆಂಡತಿ ಕೈಯಲ್ಲಿದ್ದ ಸ್ಕೋನನ್ನು ತಟ್ಟೆಗೆ ವಾಪಸ್ ಇಟ್ಟು ನೋಡುತ್ತಿದ್ದಳು. ಚಹಾ ತಂದ ಹುಡುಗನೂ ಕೆಟಲ್ ಹಿಡಿದು ನಿಂತುಬಿಟ್ಟ. ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ ಸರ್, ಈ ಹೊತ್ತಿಗೆ ಯಾವಾಗಲೂ ಸಮುದ್ರದ ಕಡೆಯ ಮೇಜುಗಳಲ್ಲೇ ಇರುತ್ತೇನೆ, ಇದನ್ನು ನೋಡಿರಲಿಲ್ಲ ಅಂದ.

ಬಿಲ್ಲನ್ನು ಮಂಗಳೂರಿನ ಗೆಳೆಯರಿಗೆ ಮರುದಿನ ತೋರಿಸಿದೆ. ಎರಡು ಸಲ ಓದಿದರು, ಮೇಜಿನ ನಂಬರ್ ಕೇಳಿದರು. ಅವರಿಗೆ ಕೊಟ್ಟೆ.

ಈ ಡಿಸೆಂಬರ್‌ಗೆ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು. ಅಲ್ಲಿ ಎರಡನೇ ಲಿಫ್ಟ್ ಬಿಟ್ಟ ಮೇಲೆ ಏಳೆಂಟು ಮೆಟ್ಟಿಲು ಇವೆ, ರ‍್ಯಾಂಪ್ ಕಂಡ ನೆನಪಿಲ್ಲ. ಅದಕ್ಕೆ ನವೆಂಬರ್‌ನಲ್ಲಿ ಇನ್ನೊಂದು 40 ದಿರ್ಹಮ್ ಕಾಫಿ ಕುಡಿದು ಬರಬೇಕು.